ಏಷ್ಯಾದ ರಾಜಕೀಯ ಓದುವ ಆಸೆ: ಡೊಂಬಿವಲಿಯ ವಿದ್ಯಾರ್ಥಿನಿಗೆ ಉತ್ತರ

ಪ್ರಶ್ನೆ: ನನಗೆ 20 ವರ್ಷ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ಊರು ಕುಂದಾಪುರದ ಕಡೆ. ರಾಜ್ಯಶಾಸ್ತ್ರದಲ್ಲಿ ಟಿವೈಬಿಎ (ಬಿಎ ಕೊನೆಯ ವರ್ಷ) ಓದುತ್ತಿದ್ದೇನೆ. ಏಷ್ಯಾದ ದೇಶಗಳ ರಾಜಕೀಯ, ಅಂತರರಾಷ್ಟ್ರೀಯ ಸಂಬಂಧ ಅಂದರೆ ತುಂಬಾ ಇಷ್ಟ. ಚೀನಾ ಅಥವಾ ಜಪಾನ್, ಯಾವುದಾದರೂ ಸರಿ, ಅದರ ಮೇಲೆ ಪಿಎಚ್‌ಡಿ ಮಾಡಿ ಪ್ರೊಫೆಸರ್ ಆಗಬೇಕು ಅಂತಿದೆ. ಅಪ್ಪ ಅಂಧೇರಿಯ ಹೋಟೆಲೊಂದರಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುತ್ತಾರೆ. "ಅದನ್ನು ಓದಿ ಏನು ಸಿಗುತ್ತೆ? ಯುಪಿಎಸ್‌ಸಿ ಬರಿ" ಅನ್ನುತ್ತಾರೆ. ಇದಕ್ಕೆ ದಿಲ್ಲಿಗೇ ಹೋಗಬೇಕಾ, ಇಲ್ಲೇ ಆಗುತ್ತಾ? ಎಷ್ಟು ವರ್ಷ ಬೇಕು? ಸಂಬಳ ಬರುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ "ಯಾವುದಾದರೂ ಸರಿ" ಅಂತ ಒಂದು ಮಾತಿದೆ ಅಲ್ವಾ, ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದ ಪ್ರಶ್ನೆಗಳಿಗೆ ನಾನು ಉತ್ತರ ಹೇಳಬಲ್ಲೆ. ಇದೊಂದನ್ನು ಮಾತ್ರ ನೀವೇ ತೀರ್ಮಾನಿಸಬೇಕು, ಅದೂ ಬೇಗ. ಚೀನಾ ಆದರೆ ಒಂದು ಭಾಷೆ, ಜಪಾನ್ ಆದರೆ ಇನ್ನೊಂದು. ಯಾವುದೇ ಆದರೂ ಕಲಿಯಲು ನಾಲ್ಕೈದು ವರ್ಷ ಹಿಡಿಯುತ್ತದೆ. ಪಿಎಚ್‌ಡಿಗೆ ಸೇರಿದ ಮೇಲೆ ನೋಡೋಣ ಅಂದರೆ ಹೊತ್ತು ಮೀರಿರುತ್ತದೆ.

ನಾನು ಹಾಗೇ ಮಾಡಿದವನು, ಅದಕ್ಕೇ ಹೇಳುತ್ತಿದ್ದೇನೆ. ಧಾರವಾಡದಲ್ಲಿ ಎಂಎ ಮುಗಿಸಿ ಪುಣೆಗೆ ಬಂದೆ. ಚೀನಾದ ವಿದೇಶಾಂಗ ನೀತಿಯ ಮೇಲೆ ಪಿಎಚ್‌ಡಿ ಮಾಡಿದೆ. ಆಗ ನನಗೆ ಚೀನೀ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಅಮೆರಿಕದವರು, ಬ್ರಿಟನ್ನಿನವರು ಇಂಗ್ಲಿಷಿನಲ್ಲಿ ಬರೆದದ್ದನ್ನೆಲ್ಲ ಓದಿದೆ, ಅದರ ಮೇಲೆ ನನ್ನ ಮಾತು ಕಟ್ಟಿದೆ. ಪದವಿ ಸಿಕ್ಕಿತು. ಎರಡು ವರ್ಷ ಆದ ಮೇಲೆ ಒಂದು ಸೆಮಿನಾರಿನಲ್ಲಿ ಚೀನಾದಿಂದ ಬಂದಿದ್ದ ವಿದ್ವಾಂಸರೊಬ್ಬರು ಎದ್ದು ನಿಂತು, "ನೀವು ಹೇಳುವ ದಾಖಲೆಯ ಮೂಲದಲ್ಲಿ ಆ ಪದವೇ ಇಲ್ಲ" ಅಂದರು. ಬಹಳ ಮರ್ಯಾದೆಯಿಂದಲೇ ಹೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. 36ನೇ ವಯಸ್ಸಿನಲ್ಲಿ, ಕೆಲಸ, ಮನೆ, ಮಗು ಎಲ್ಲದರ ನಡುವೆ ಚೀನೀ ಕಲಿಯಲು ಕೂತೆ. ಇವತ್ತಿಗೂ ಅಲ್ಲಿನ ಪೇಪರು ಓದುವಾಗ ಡಿಕ್ಷನರಿ ಪಕ್ಕದಲ್ಲಿರಬೇಕು. ನಿಮ್ಮ ವಯಸ್ಸಿನಲ್ಲಿ ಯಾರಾದರೂ ನನಗೆ ಇದನ್ನು ಹೇಳಬೇಕಿತ್ತು.

ಒಂದು ಪದ ಎಷ್ಟು ಕೆಲಸ ಕೆಡಿಸಬಹುದು ಅಂತ ತಿಳಿಯಲು 1972ರ ಸೆಪ್ಟೆಂಬರಿಗೆ ಹೋಗಿ. ಜಪಾನಿನ ಪ್ರಧಾನಿ ತನಾಕಾ ಕಾಕುಎಯ್ ಬೀಜಿಂಗಿಗೆ ಹೋಗಿದ್ದರು. ಯುದ್ಧ ಮುಗಿದು 27 ವರ್ಷ ಆಗಿದ್ದರೂ ಟೋಕಿಯೋಗೂ ಬೀಜಿಂಗಿಗೂ ರಾಜತಾಂತ್ರಿಕ ಸಂಬಂಧ ಇರಲಿಲ್ಲ. ಅದನ್ನು ಜೋಡಿಸಲೆಂದೇ ಹೋದದ್ದು. ಮೊದಲ ದಿನದ ಔತಣದಲ್ಲಿ ತನಾಕಾ, ಚೀನಾದ ಜನರಿಗೆ ನಾವು ಬಹಳ "ಮೇವಾಕು" ಕೊಟ್ಟೆವು ಅಂದರು. ತೊಂದರೆ, ಉಪದ್ರವ ಅಂತ ಅರ್ಥ. ಜಪಾನಿನಲ್ಲಿ ತಪ್ಪೊಪ್ಪಿಕೊಳ್ಳುವಾಗಲೂ ಈ ಪದ ಬಳಸುತ್ತಾರೆ. ಜಪಾನಿನವರು ಈ ಪದವನ್ನು ಬರೆಯುವುದು ಎರಡು ಚೀನೀ ಅಕ್ಷರಗಳಲ್ಲಿ. ಅದೇ ಎರಡು ಅಕ್ಷರಗಳನ್ನು ಚೀನೀಯಲ್ಲಿ ಓದಿದರೆ ಗೊಂದಲ ಅಂತ ಅರ್ಥ ಬರುತ್ತದೆ. ಹಾಗಾಗಿ ಭಾಷಣದ ಚೀನೀ ಅನುವಾದದಲ್ಲಿ "ಮಾಫಾನ್" ಅಂತ ಬಂತು. ಮಾಫಾನ್ ಅಂದರೆ ಸಣ್ಣ ಕಿರಿಕಿರಿ. "ಸ್ವಲ್ಪ ತೊಂದ್ರೆ ಕೊಡ್ತೀನಿ, ಆ ಲೋಟ ಈ ಕಡೆ ಕೊಡ್ತೀರಾ" ಅನ್ನುವಾಗಿನ ತೊಂದರೆ. ಲಕ್ಷ ಲಕ್ಷ ಜನ ಸತ್ತ ಯುದ್ಧಕ್ಕೆ ಆ ಪದ. ಚಪ್ಪಾಳೆ ನಿಂತುಹೋಯಿತು. ಹೆಂಗಸೊಬ್ಬಳ ಲಂಗದ ಮೇಲೆ ನೀರು ಚೆಲ್ಲಿದಾಗ ಹೇಳುವ ಮಾತು ಇದು ಅಂತ ಚೀನಾದ ಕಡೆಯವರು ಬೇಸರ ಹೇಳಿಕೊಂಡರು. ಪ್ರಧಾನಿ ಝೌ ಎನ್‌ಲಾಯ್ ಮರುದಿನದ ಮಾತುಕತೆಯಲ್ಲಿ ಇದನ್ನೇ ಎತ್ತಿದರು. ಕೊನೆಗೆ 29ರಂದು ಸಹಿ ಬಿದ್ದ ಜಂಟಿ ಹೇಳಿಕೆಯಲ್ಲಿ ಬೇರೆಯೇ ಮಾತು ಬಂತು. ಯುದ್ಧದಿಂದ ಚೀನಾದ ಜನರಿಗೆ ಆದ ಭಾರಿ ಹಾನಿಯ ಹೊಣೆ ತನ್ನದು ಅಂತ ಜಪಾನ್ ಒಪ್ಪಿತು. ಇಂಗ್ಲಿಷ್ ವರದಿ ಮಾತ್ರ ಓದುವವನಿಗೆ ಔತಣದ ಆ ರಾತ್ರಿ "ಟ್ರಬಲ್" ಅನ್ನುವ ಒಂದು ಪದವಾಗಿ ಮುಗಿದುಹೋಗುತ್ತದೆ. ಸಿಟ್ಟು ಎಲ್ಲಿಂದ ಬಂತು ಅಂತ ಗೊತ್ತೇ ಆಗುವುದಿಲ್ಲ.

ಹಾಗಾದರೆ ನೀವು ಯಾವುದನ್ನು ಹಿಡಿಯಬೇಕು? ನಾನು ಚೀನಾ ಓದಿದವನು, ಆದರೂ ನಿಮಗೆ ಜಪಾನ್ ಅನ್ನುತ್ತೇನೆ.

ಮೊದಲ ಕಾರಣ ಕನ್ನಡ. ನಾವು "ನಾನು ಪುಸ್ತಕವನ್ನು ಓದುತ್ತೇನೆ" ಅಂತೀವಿ. ಜಪಾನಿಯಲ್ಲಿ "ವತಾಶಿ ವ ಹೋನ್ ಒ ಯೋಮಿಮಸ್". ವತಾಶಿ ಅಂದರೆ ನಾನು, ಹೋನ್ ಅಂದರೆ ಪುಸ್ತಕ, ಅದರ ಹಿಂದೆ ಬರುವ ಒ ನಮ್ಮ "ಅನ್ನು", ಕೊನೆಗೆ ಓದುತ್ತೇನೆ. ಸಾಲು ಹಾಗೇ ಕೂರುತ್ತದೆ. "ಮುಂಬಯಿಯಲ್ಲಿ" ಅನ್ನಲು "ಮುಂಬಯಿ ದೆ". ಊರು ಮೊದಲು, "ಅಲ್ಲಿ" ಆಮೇಲೆ. ಇಂಗ್ಲಿಷ್ ಮನೆಮಾತಿನವರು ಈ ಜಾಗದಲ್ಲಿ ವರ್ಷಗಟ್ಟಲೆ ತಿಣುಕಾಡುತ್ತಾರೆ. ನಮ್ಮ ಮಕ್ಕಳಿಗೆ ಅದು ಒಂದು ತಿಂಗಳ ಕೆಲಸ. ಕೊರಿಯನ್ ಭಾಷೆಯದೂ ಇದೇ ಜಾಡು. ಚೀನೀ ಹಾಗಲ್ಲ. ಅಲ್ಲಿ ವಾಕ್ಯ ಇಂಗ್ಲಿಷಿನಂತೆ ಸಾಗುತ್ತದೆ, ಮೇಲಿಂದ ನಾಲ್ಕು ಸ್ವರದ ಏರಿಳಿತ. "ಮಾ" ಅನ್ನುವುದು ಏರಿಳಿತ ಬದಲಾದಂತೆ ಅಮ್ಮ, ಸೆಣಬು, ಕುದುರೆ, ಬೈಗುಳ ಆಗುತ್ತದೆ. ಜಪಾನಿಯ ಕಷ್ಟ ಇರುವುದು ಅಕ್ಷರದಲ್ಲಿ. ದಿನಬಳಕೆಗೆ ಅಂತ ಅಲ್ಲಿನ ಸರ್ಕಾರ ಗೊತ್ತು ಮಾಡಿರುವ ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳೇ 2,136. ಇದಕ್ಕೆ ಅಡ್ಡದಾರಿ ಇಲ್ಲ. ದಿನಕ್ಕೆ ಐದು ಅಕ್ಷರ ಅಂತ ಬರೆದು ಬರೆದು ಕೈಗೆ ಹತ್ತಿಸಿಕೊಳ್ಳಬೇಕು. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಓಡಾಡುವ ಹುಡುಗಿಗೆ ಅಷ್ಟು ಹೊತ್ತು ದಿನಾ ಸಿಗುತ್ತದೆ, ಸೀಟು ಸಿಕ್ಕರೆ.

ಎರಡನೆಯದು, ಕಲಿಸುವವರು ಹತ್ತಿರದಲ್ಲೇ ಇದ್ದಾರೆ. ಪುಣೆಯ ಫರ್ಗ್ಯುಸನ್ ಕಾಲೇಜ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲಿ ಪುಣೆ ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗ ಇದೆ, ಜಪಾನಿ ಅಲ್ಲಿ ದಶಕಗಳಿಂದ ನಡೆದುಕೊಂಡು ಬಂದಿದೆ. ಈ ಊರಲ್ಲಿ ಜಪಾನಿ ಬಲ್ಲವರು ಎಷ್ಟು ಜಾಸ್ತಿ ಅಂದರೆ ಬಸ್ಸಿನಲ್ಲೂ ಸಿಗುತ್ತಾರೆ. ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನ ನೋಡಿದ್ದೀರಾ? ಅದು ಒಕಾಯಾಮಾ ಊರಿನ ಕೊರಾಕುಎನ್ ತೋಟದ ಮಾದರಿಯಲ್ಲಿ ಮಾಡಿದ್ದು. ಮುಂಬಯಿಯಲ್ಲೂ ತರಗತಿಗಳಿವೆ. ಜಪಾನಿ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯ ಕೇಂದ್ರ ಎರಡೂ ಊರಲ್ಲಿದೆ. ಅದರ ಐದು ಮಟ್ಟಗಳಲ್ಲಿ ಎನ್5 ತೀರಾ ಶುರುವಿನದು, ಎನ್1 ಎಲ್ಲಕ್ಕಿಂತ ಕಷ್ಟದ್ದು. ಎಂಎ ಮುಗಿಯುವ ಹೊತ್ತಿಗೆ ಎನ್3 ಆಗಿರಲಿ. ಪಿಎಚ್‌ಡಿಯ ಎರಡನೇ ವರ್ಷದೊಳಗೆ ಎನ್2. ಅಷ್ಟಾದರೆ ಮೂಲ ಕಾಗದಪತ್ರಕ್ಕೆ ಕೈ ಹಾಕಬಹುದು.

ಮೂರನೆಯದು ನಿಮ್ಮ ಮನೆ ಬಾಗಿಲಲ್ಲೇ ಇದೆ. ಮುಂಬಯಿ–ಅಹಮದಾಬಾದ್ ಬುಲೆಟ್ ಟ್ರೇನ್. 508 ಕಿಲೋಮೀಟರ್, 12 ಸ್ಟೇಷನ್. ಅದರ ಠಾಣೆ ಸ್ಟೇಷನ್ ಬರುವುದು ಶಿಳಫಾಟಾ ಕಡೆ, ಡೊಂಬಿವಲಿಯಿಂದ ಕೂಗಳತೆ ದೂರ. 2015ರಲ್ಲಿ ಭಾರತ ಮತ್ತು ಜಪಾನ್ ಒಪ್ಪಂದ ಮಾಡಿಕೊಂಡವು. 2017ರ ಸೆಪ್ಟೆಂಬರಿನಲ್ಲಿ ಅಡಿಗಲ್ಲು ಬಿತ್ತು. ಖರ್ಚಿನಲ್ಲಿ ನೂರಕ್ಕೆ 81ರಷ್ಟನ್ನು ಜಪಾನ್ ಸಾಲವಾಗಿ ಕೊಡುವುದು ಅಂತ ಮಾತಾಯಿತು. ಬಡ್ಡಿ ವರ್ಷಕ್ಕೆ 0.1 ಶೇಕಡಾ, ತೀರಿಸಲು 50 ವರ್ಷ. ಯಾಕೆ ಇಷ್ಟು ಅಗ್ಗ? ಇಂಡೋನೇಷ್ಯಾದ ಜಕಾರ್ತಾ–ಬಾಂಡುಂಗ್ ರೈಲನ್ನು ಅದೇ 2015ರಲ್ಲಿ ಜಪಾನಿನ ಕೈಯಿಂದ ಚೀನಾ ಕಿತ್ತುಕೊಂಡಿತ್ತು. ಅದಕ್ಕೂ ಇದಕ್ಕೂ ನಂಟು ಇದೆಯಾ? ಪಾಲ್ಘರ್‌ನಲ್ಲಿ ಆದಿವಾಸಿಗಳು ಜಮೀನು ಕೊಡಲು ಒಪ್ಪದೆ ಕೂತಾಗ ಟೋಕಿಯೋದಲ್ಲಿ ಏನು ಮಾತು ನಡೆಯಿತು? ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕುವ ಜಾಗ ನಿಮ್ಮ ಮೊಬೈಲಿನಲ್ಲೇ ಇದೆ. ಜಪಾನಿನ ಸಂಸತ್ತಿನ ಚರ್ಚೆ 1947ರಿಂದ ಇಂದಿನವರೆಗೆ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಎಲ್ಲವೂ ಜಪಾನಿಯಲ್ಲಿ. ಒಂದು ತುದಿಯಲ್ಲಿ ಪಾಲ್ಘರ್‌ನ ರೈತನ ಜೊತೆ ಮರಾಠಿಯಲ್ಲಿ ಮಾತಾಡಿ, ಇನ್ನೊಂದು ತುದಿಯಲ್ಲಿ ಟೋಕಿಯೋದ ಸಂಸದನ ಮಾತನ್ನು ಮೂಲದಲ್ಲಿ ಓದಬಲ್ಲ ಒಬ್ಬ ಸಂಶೋಧಕಿ. ಅಂಥವರು ಎಷ್ಟು ಜನ ಸಿಕ್ಕಾರು ಹೇಳಿ? ನನಗೆ ಇದನ್ನು ಬರೆಯುವಾಗಲೇ ಮೈ ಜುಮ್ ಅನ್ನುತ್ತಿದೆ.

ಭಾಷೆ ಕಲಿಯುವ ಹಣ ಸದ್ಯ ಇಲ್ಲ ಅನ್ನುವುದಾದರೆ ಇನ್ನೊಂದು ದಾರಿ ಇದೆ. ನೇಪಾಳ. ದೊಡ್ಡ ದೇಶದ ಮೇಲೆ ಕಣ್ಣಿಟ್ಟವರು ಈ ಕಡೆ ನೋಡುವುದೇ ಇಲ್ಲ. ನಿಮಗೆ ದೇವನಾಗರಿ ಬರುತ್ತದೆ. ಹಿಂದಿ, ಮರಾಠಿ ಬಲ್ಲವರು ಒಂದು ವರ್ಷ ಮನಸ್ಸಿಟ್ಟರೆ ಕಾಠ್ಮಂಡುವಿನ ಪೇಪರು ಓದಬಹುದು. ಅಪ್ಪನ ಹೋಟೆಲಿನಲ್ಲಿ ನೇಪಾಳದ ಹುಡುಗರು ಖಂಡಿತ ಇರುತ್ತಾರೆ. ಅವರ ಜೊತೆ ಮಾತಾಡಿ ನೋಡಿ. 1950ರ ಭಾರತ–ನೇಪಾಳ ಒಪ್ಪಂದದ ಬಗ್ಗೆ, 2015ರಲ್ಲಿ ಹೊಸ ಸಂವಿಧಾನ ಬಂದ ಬೆನ್ನಿಗೇ ಗಡಿ ಮುಚ್ಚಿ ಗ್ಯಾಸು, ಪೆಟ್ರೋಲು ಸಿಗದೆ ಹೋದ ತಿಂಗಳುಗಳ ಬಗ್ಗೆ ಕೇಳಿ. ಪುಸ್ತಕದಲ್ಲಿ ಇಲ್ಲದ್ದು ಅವರ ಹತ್ತಿರ ಇರುತ್ತದೆ.

ಗೋವಾದಲ್ಲಿರುವ ನಮ್ಮವರ ಮಕ್ಕಳು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಚೀನಾ ಕರಾವಳಿಯ ಮಕಾವು, ಅದರಾಚೆಯ ತಿಮೋರ್ ಎರಡನ್ನೂ ಪೋರ್ಚುಗೀಸರು 1844ರವರೆಗೆ ಗೋವಾದಿಂದಲೇ ಆಳುತ್ತಿದ್ದರು. ಆ ಕಾಲದ ಕಾಗದಗಳು ಪಣಜಿಯ ದಾಖಲೆಗೃಹದಲ್ಲಿವೆ. 2002ರಲ್ಲಿ ಸ್ವತಂತ್ರವಾದ ಪೂರ್ವ ತಿಮೋರ್ 2025ರ ಅಕ್ಟೋಬರಿನಲ್ಲಿ ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್‌ನ 11ನೇ ಸದಸ್ಯ ಆಯಿತು. ಅಲ್ಲಿನ ಎರಡು ಆಡಳಿತ ಭಾಷೆಗಳಲ್ಲಿ ಪೋರ್ಚುಗೀಸ್ ಒಂದು. ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ಕಲಿಯಬಹುದು.

ದಿಲ್ಲಿಯ ಮಾತಿಗೆ ಬರುತ್ತೇನೆ. ಈ ವಿಷಯಕ್ಕೆ ನಮ್ಮ ದೇಶದ ಹಳೆಯ ಮನೆ ಜೆಎನ್‌ಯುನ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್. 1955ರಲ್ಲಿ ಬೇರೆಯೇ ಸಂಸ್ಥೆಯಾಗಿ ಹುಟ್ಟಿ 1970ರಲ್ಲಿ ಜೆಎನ್‌ಯು ಸೇರಿತು. ಪೂರ್ವ ಏಷ್ಯಾಕ್ಕೆ ಅಂತಲೇ ಅಲ್ಲಿ ಒಂದು ಕೇಂದ್ರ ಇದೆ. ದಿಲ್ಲಿ ವಿಶ್ವವಿದ್ಯಾಲಯದ ಪೂರ್ವ ಏಷ್ಯಾ ವಿಭಾಗದಲ್ಲಿ ಭಾಷೆಯನ್ನೂ ಕಲಿಸುತ್ತಾರೆ. ಎರಡರ ಎಂಎಗೂ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಬರೆಯಿರಿ, ಸಿಕ್ಕರೆ ಹೋಗಿ. ಸಿಗದಿದ್ದರೆ ಕಣ್ಣೀರು ಹಾಕಬೇಡಿ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸಿವಿಕ್ಸ್ ಅಂಡ್ ಪಾಲಿಟಿಕ್ಸ್ ವಿಭಾಗ ಇದೆ. ಕುರ್ಲಾದಲ್ಲಿ ಇಳಿದರೆ ಅಲ್ಲಿಂದ ಬಸ್ಸು. ಅದೇ ಕ್ಯಾಂಪಸ್ಸಿನ ಜೆ. ಪಿ. ನಾಯಕ್ ಭವನದಲ್ಲಿ, ಸಮಾಜ ವಿಜ್ಞಾನದ ಸಂಶೋಧನೆಗೆ ನೆರವಾಗುವ ಐಸಿಎಸ್‌ಎಸ್‌ಆರ್‌ನ ಪಶ್ಚಿಮ ಪ್ರಾದೇಶಿಕ ಕೇಂದ್ರ ಇದೆ. ಸಂಶೋಧನೆ ಮಾಡುವವರು ಅಲ್ಲಿ ಒಮ್ಮೆ ಹೋಗಿ ವಿಚಾರಿಸಲೇಬೇಕು. ಪುಣೆಯಲ್ಲಿ ರಾಜ್ಯಶಾಸ್ತ್ರದ ವಿಭಾಗವೂ ಇದೆ, ಡಿಫೆನ್ಸ್ ಅಂಡ್ ಸ್ಟ್ರಾಟೆಜಿಕ್ ಸ್ಟಡೀಸ್ ಬೇರೆ ಇದೆ. ನಾನಾದರೆ ಮನೆಯಿಂದ ಓಡಾಡಿ ಎಂಎ ಮುಗಿಸುತ್ತೇನೆ, ಉಳಿದ ಹಣವನ್ನು ಭಾಷೆಗೆ ಹಾಕುತ್ತೇನೆ, ದಿಲ್ಲಿಯನ್ನು ಪಿಎಚ್‌ಡಿಗೆ ಇಟ್ಟುಕೊಳ್ಳುತ್ತೇನೆ. ಪಿಎಚ್‌ಡಿಗೆ ಊರಿಗಿಂತ ಗೈಡ್ ಮುಖ್ಯ. ಅವರ ಹತ್ತಿರ ಮುಗಿಸಿದ ಇಬ್ಬರು ಹಳೆ ವಿದ್ಯಾರ್ಥಿಗಳನ್ನು ಹುಡುಕಿ ಎರಡೇ ಪ್ರಶ್ನೆ ಕೇಳಿ. ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ವಾಪಸ್ ಕೊಡುತ್ತಾರೆ? ತಮ್ಮ ಕೆಲಸ ಎಷ್ಟು ಮಾಡಿಸುತ್ತಾರೆ?

ಈಗ ಅಪ್ಪನ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ, ಮುಚ್ಚುಮರೆ ಇಲ್ಲದೆ ಲೆಕ್ಕ ಹೇಳುತ್ತೇನೆ.

21ಕ್ಕೆ ಬಿಎ, 23ಕ್ಕೆ ಎಂಎ. ಎಂಎಯಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 55 ಅಂಕ ಇರಲೇಬೇಕು. ಆಮೇಲೆ ಯುಜಿಸಿ-ನೆಟ್, ಅಂದರೆ ಕಾಲೇಜಿನಲ್ಲಿ ಪಾಠ ಮಾಡಲು ಬೇಕಾದ ಅರ್ಹತಾ ಪರೀಕ್ಷೆ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಮೂರು ಗಂಟೆ, 150 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದರಲ್ಲಿ ಮೇಲಿನ ಸ್ಥಾನ ಬಂದು ಸಂಶೋಧನೆಗೆ ಕೊಡುವ ಫೆಲೋಶಿಪ್ ಆದ ಜೆಆರ್‌ಎಫ್ ಸಿಕ್ಕಿತು ಅನ್ನಿ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಒಟ್ಟು ಐದು ವರ್ಷದವರೆಗೆ. ಓದುತ್ತಲೇ ಮನೆಗೂ ಸ್ವಲ್ಪ ಕಳಿಸಬಹುದು. ಜೆಆರ್‌ಎಫ್ ಸಿಗದೆ ಕೇಂದ್ರ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಸೀಟು ಮಾತ್ರ ಸಿಕ್ಕರೆ ತಿಂಗಳಿಗೆ 8,000 ರೂಪಾಯಿ. ಈ ಎರಡರ ನಡುವೆ ಇರುವ ಅಂತರವನ್ನು ಅಪ್ಪನಿಗೂ ತೋರಿಸಿ, ನೀವೂ ಗೋಡೆಗೆ ಅಂಟಿಸಿಕೊಳ್ಳಿ. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ನಿಯಮದ ಪ್ರಕಾರ ಆರರೊಳಗೆ ಮುಗಿಸಬೇಕು, ಬೇಕಾದರೆ ಇನ್ನೆರಡು ಕೇಳಬಹುದು. ಭಾಷೆ ಕಲಿತು ಮಾಡುವವರಿಗೆ ಐದು ಹಿಡಿಯುತ್ತದೆ. ಅಂದರೆ 29, 30. ಕಾಯಂ ಅಸಿಸ್ಟೆಂಟ್ ಪ್ರೊಫೆಸರ್ ಆದರೆ ಮೂಲ ವೇತನವೇ 57,700. ಭತ್ಯೆಗಳು ಅದರ ಮೇಲೆ.

ಕಷ್ಟ ಇರುವುದು ಆ "ಕಾಯಂ" ಅನ್ನುವ ಪದದಲ್ಲಿ. ಮಹಾರಾಷ್ಟ್ರದ ಕಾಲೇಜುಗಳಲ್ಲಿ ಎಷ್ಟೋ ಜನ ಸಿಎಚ್‌ಬಿ ಮೇಲೆ ಪಾಠ ಮಾಡುತ್ತಾರೆ. ಮಾಡಿದ ಪಾಠಕ್ಕೆ ಗಂಟೆ ಲೆಕ್ಕದಲ್ಲಿ ಹಣ. ರಜೆಗೆ ಇಲ್ಲ, ಪರೀಕ್ಷೆ ತಿಂಗಳಿಗೆ ಇಲ್ಲ. ನಾನು ಮೂರು ವರ್ಷ ಹೀಗೆ ದುಡಿದೆ. ಒಂದು ಕಾಲೇಜಿನವರು ಇಡೀ ಸೆಮಿಸ್ಟರಿನ ಹಣವನ್ನು ಎಂಟು ತಿಂಗಳು ತಡವಾಗಿ ಕೊಟ್ಟರು. ಆಗ ಮನೆ ನಡೆಸಿದ್ದು ನನ್ನ ಹೆಂಡತಿಯ ಸಂಬಳ. ಇದನ್ನು ಮುಚ್ಚಿಟ್ಟು ನಿಮಗೆ ಬರೀ ಆಸೆ ತೋರಿಸಿದರೆ ಅದು ಮೋಸ. ಜಪಾನಿ ಕೈಯಲ್ಲಿದ್ದರೆ ಆ ಕಾಯುವ ವರ್ಷಗಳು ಬೇರೆ ಥರ ಇರುತ್ತವೆ. ಅನುವಾದ ಇದೆ, ಜಪಾನಿನ ಕಂಪನಿಗಳಿವೆ, ಭಾಷೆ ಕಲಿಸಬಹುದು, ಮುಂಬಯಿಯ ಗೇಟ್‌ವೇ ಹೌಸ್‌ನಂಥ ಚಿಂತನ ಸಂಸ್ಥೆಗಳಿವೆ. ಮುಖ್ಯ ಕೆಲಸಕ್ಕೆ ಕಾಯುವಾಗ ಬಾಡಿಗೆ ಕಟ್ಟಬಹುದು.

ನೆಟ್‌ಗೆ ವಿಷಯ ಆರಿಸುವಾಗ ಒಂದು ಎಚ್ಚರ. ರಾಜ್ಯಶಾಸ್ತ್ರದ ಪತ್ರಿಕೆ ಬೇರೆ, ಇಂಟರ್‌ನ್ಯಾಷನಲ್ ಅಂಡ್ ಏರಿಯಾ ಸ್ಟಡೀಸ್ ಬೇರೆ. ಎರಡನೆಯದು ನಿಮ್ಮ ಮನಸ್ಸಿಗೆ ಹತ್ತಿರ ಅನಿಸಬಹುದು. ಆದರೆ ಇಲ್ಲಿನ ಕಾಲೇಜುಗಳು ಜಾಹೀರಾತು ಕೊಡುವುದು ರಾಜ್ಯಶಾಸ್ತ್ರದ ಹುದ್ದೆಗೆ. ಹಾಗಾಗಿ ಎಂಎಯೂ ನೆಟ್ಟೂ ರಾಜ್ಯಶಾಸ್ತ್ರದಲ್ಲೇ ಇರಲಿ. ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ ಸೆಟ್ ಕೂಡ ಬರೆಯಿರಿ. ಪುಣೆ ವಿಶ್ವವಿದ್ಯಾಲಯ ನಡೆಸುವ ಸೆಟ್ ಮಹಾರಾಷ್ಟ್ರ ಮತ್ತು ಗೋವಾಕ್ಕೆ ನಡೆಯುತ್ತದೆ. ಕರ್ನಾಟಕಕ್ಕೆ ನಡೆಯುವುದಿಲ್ಲ, ಅಲ್ಲಿಗೆ ಕೆ-ಸೆಟ್. ನೆಟ್ ಎಲ್ಲ ಕಡೆಗೂ ಆಗುತ್ತದೆ.

ಯುಪಿಎಸ್‌ಸಿ ಬಗ್ಗೆ ಅಪ್ಪ ಹೇಳಿದ್ದನ್ನು ತಳ್ಳಿಹಾಕಬೇಡಿ. ಆ ಪರೀಕ್ಷೆಯಲ್ಲೂ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧ ಒಂದು ಐಚ್ಛಿಕ ವಿಷಯ, ಎಂಎ ಓದು ಅದಕ್ಕೆ ಸಲ್ಲುತ್ತದೆ. ಆದರೆ ಎರಡಕ್ಕೂ ಒಟ್ಟಿಗೆ ಓದಲು ಹೋಗಬೇಡಿ. ಅಲ್ಲಿ ಎಲ್ಲದರ ಬಗ್ಗೆ ಸ್ವಲ್ಪ ಸ್ವಲ್ಪ ಗೊತ್ತಿರಬೇಕು, ಇಲ್ಲಿ ಒಂದರ ಬಗ್ಗೆ ಆಳವಾಗಿ. ಮನಸ್ಸು ಓಡುವ ರೀತಿಯೇ ಬೇರೆ. ಅಪ್ಪನಿಗೆ ಬೆನಗಲ್ ನರಸಿಂಗ ರಾವ್ ಅವರ ಕಥೆ ಹೇಳಿ. ನಿಮ್ಮ ಕರಾವಳಿಯವರೇ, 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಐಸಿಎಸ್ ಅಧಿಕಾರಿ. ಆದರೂ ಬರ್ಮಾದವರು 1947ರಲ್ಲಿ ತಮ್ಮ ಸಂವಿಧಾನ ಬರೆಯುವಾಗ ಅವರ ನೆರವು ಕೇಳಿದ್ದು ಅವರ ಓದನ್ನು ನೋಡಿ. 1950ರ ಜೂನ್ 25ಕ್ಕೆ ಕೊರಿಯಾ ಯುದ್ಧ ಶುರುವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ಅವರೇ.

ವಿದೇಶಕ್ಕೆ ಹೋಗುವುದಾದರೆ ಮೊದಲು ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ ನೋಡಿ. ಫೀಸು, ವಿಮಾನ, ತಿಂಗಳ ಖರ್ಚು ಎಲ್ಲ ಅವರದೇ. ಸಂಶೋಧನೆಗೆ ಹೋಗುವವರಿಗೆ 35ರೊಳಗಿನ ವಯಸ್ಸಾದರೆ ಸಾಕು. ಅದಕ್ಕೆ ಎಂಎಯ ಎರಡನೇ ವರ್ಷದಿಂದ ತಯಾರಿ ಮಾಡಿದರೆ ಆಯಿತು, ಈಗಲೇ ಅವಸರ ಬೇಡ. ಪಾಸ್‌ಪೋರ್ಟ್ ಮಾತ್ರ ಈಗಲೇ ಮಾಡಿಸಿಡಿ.

ಅಪ್ಪನಿಗೆ ಇನ್ನೂ ಅನುಮಾನ ಉಳಿದರೆ ಅವರನ್ನು ಕರೆದುಕೊಂಡು ಪುಣೆಗೆ ಬನ್ನಿ. ಶನಿವಾರ ಮಧ್ಯಾಹ್ನ ನಾನು ಡಿಪಾರ್ಟ್‌ಮೆಂಟಿನಲ್ಲೇ ಇರುತ್ತೇನೆ. ಜಪಾನಿ ಓದಿ, ಕೆಲಸಕ್ಕೆ ಸೇರಿದ ನನ್ನ ಇಬ್ಬರು ಹಳೆ ವಿದ್ಯಾರ್ಥಿನಿಯರನ್ನೂ ಅವತ್ತು ಕರೆಸುತ್ತೇನೆ. ಸಂಬಳದ ಮಾತನ್ನು ಅವರ ಹತ್ತಿರವೇ ಕೇಳಲಿ.